ಡೊಬರೈನರ್, ಯೋಹಾನ

ಡೊಬರೈನರ್, ಯೋಹಾನ (1924–2000). ಬ್ರೆಜಿಲ್‌ನ ಮಣ್ಣಿನ ಸೂಕ್ಷ್ಮಜೀವಿ ವಿಜ್ಞಾನಿ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳು ದ್ವಿದಳ ಸಸ್ಯಗಳ ಬೇರುಗಂಟಿನಲ್ಲಿ ಮಾತ್ರವಲ್ಲ, ಹುಲ್ಲು, ಮೆಕ್ಕೆಜೋಳ, ಕಬ್ಬುಗಳ ಬೇರಿನ ಮೇಲೂ ಕಾಂಡದ ಒಳಗೂ ನೆಲೆಸಿರುತ್ತವೆ ಎಂಬುದನ್ನು ಐದು ದಶಕ ಬೆನ್ನುಹತ್ತಿ ತೋರಿಸಿಕೊಟ್ಟವರು. ಇಂದು ಜೈವಿಕ ಗೊಬ್ಬರವೆಂದು ಮಾರಾಟವಾಗುವ ಅಜೋಸ್ಪಿರಿಲಮ್‌ಗೆ ಆ ಹೆಸರು ಕೊಟ್ಟ ಮೂವರಲ್ಲಿ ಒಬ್ಬರು. ಬ್ರೆಜಿಲ್ ತನ್ನ ಸೋಯಾ ಅವರೆಯನ್ನು ಸಾರಜನಕ ಗೊಬ್ಬರವಿಲ್ಲದೆ ಬೆಳೆಯುವ ದಾರಿ ಹಿಡಿದದ್ದರಲ್ಲಿ ಇವರ ಹಟದ ಪಾಲು ದೊಡ್ಡದು.

ಹುಟ್ಟಿದ್ದು 1924ರ ನವೆಂಬರ್ 28ರಂದು, ಆಗಿನ ಚೆಕೊಸ್ಲೊವಾಕಿಯದ ಔಸಿಗ್ ಪಟ್ಟಣದಲ್ಲಿ. ಊರಿನ ಇಂದಿನ ಹೆಸರು ಊಸ್ತಿ ನಾದ್ ಲಾಬೆಮ್. ಮನೆಮಾತು ಜರ್ಮನ್. ತಂದೆ ಪೌಲ್ ಕುಬೆಲ್ಕ ರಸಾಯನವಿಜ್ಞಾನಿ. ಬಣ್ಣ ಬಳಿದ ಮೇಲ್ಮೈ ಎಷ್ಟು ಬೆಳಕನ್ನು ಹೀರುತ್ತದೆ, ಎಷ್ಟನ್ನು ಹಿಂದಿರುಗಿಸುತ್ತದೆ ಎಂದು ಲೆಕ್ಕ ಹಾಕುವ ಕುಬೆಲ್ಕ–ಮುಂಕ್ ಸೂತ್ರದಲ್ಲಿರುವ ಮೊದಲ ಹೆಸರು ಅವರದೇ. ಮಗಳು ಬೆಳೆದದ್ದು ಪ್ರಾಗ್‌ನಲ್ಲಿ. 1945ರಲ್ಲಿ ಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯದ ಜರ್ಮನ್ ಭಾಷಿಕರನ್ನು ಹೊರಹಾಕಿದಾಗ ಈ ಮನೆಯೂ ಚದುರಿತು. ಇಪ್ಪತ್ತರ ಆಸುಪಾಸಿನ ಹುಡುಗಿ ಜರ್ಮನಿಯ ಜಮೀನುಗಳಲ್ಲಿ ಹಾಲು ಕರೆದು, ಗದ್ದೆಗೆ ಗೊಬ್ಬರ ಹರಡಿ ದುಡಿದಳು. ಮುಂದೆ ಜೀವನವಿಡೀ ಗೊಬ್ಬರವಿಲ್ಲದೆ ಬೆಳೆ ತೆಗೆಯುವುದನ್ನೇ ಚಿಂತಿಸಿದವರ ಮೊದಲ ಉದ್ಯೋಗ ಇದು. ಆಮೇಲೆ ಮ್ಯೂನಿಕ್‌ನಲ್ಲಿ ಕೃಷಿವಿಜ್ಞಾನದ ಓದು. ಅಲ್ಲಿಯೇ ಪಶುವೈದ್ಯಕೀಯ ಓದುತ್ತಿದ್ದ ಯುರ್ಗೆನ್ ಡೊಬರೈನರ್ ಅವರೊಡನೆ ಮದುವೆ. ತಂದೆ ಆಗಲೇ ಬ್ರೆಜಿಲ್ ಸೇರಿದ್ದರು. ಮಗಳು ಅಳಿಯ ಇಬ್ಬರೂ 1950ರ ದಶಕದ ಆರಂಭದಲ್ಲಿ ಅದೇ ಹಡಗುದಾರಿ ಹಿಡಿದರು. ಯುರ್ಗೆನ್ ಮುಂದೆ ದನಕರುಗಳಿಗೆ ವಿಷವಾಗುವ ಸಸ್ಯಗಳ ಬಗ್ಗೆ ಹೆಸರಾಂತ ತಜ್ಞರಾದರು.

ರಿಯೊ ಡಿ ಜನೈರೊದಿಂದ ಸಾವೊ ಪೌಲೊಗೆ ಹೋಗುವ ಹಳೆಯ ಹೆದ್ದಾರಿಯ 47ನೇ ಕಿಲೊಮೀಟರಿನಲ್ಲಿ ಸರ್ಕಾರದ ಕೃಷಿ ಸಂಶೋಧನಾ ಕೇಂದ್ರವಿತ್ತು. ಊರು ಸೆರೊಪೆಡಿಕಾ. ಹೆಸರಿನ ಮೂಲ ರೇಷ್ಮೆ: ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ರೇಷ್ಮೆ ತಯಾರಿಕೆ ನಡೆದಿತ್ತು. (ರಾಮನಗರದವರಿಗೆ ಊರು ತಟ್ಟನೆ ಹತ್ತಿರವೆನಿಸಬಹುದು, ಆದರೆ ಅಲ್ಲಿ ರೇಷ್ಮೆ ಉಳಿಯಲಿಲ್ಲ, ಹೆಸರಷ್ಟೇ ಉಳಿಯಿತು.) ಸಂಶೋಧನಾ ಸೇವೆಯ ನಿರ್ದೇಶಕ ಆಲ್ವರೊ ಬಾರ್ಸೆಲೋಸ್ ಫಾಗುಂಡೆಸ್ ಅವರು ಈ ವಲಸೆಗಾರ್ತಿಗೆ ಮಣ್ಣಿನ ಸೂಕ್ಷ್ಮಜೀವಿಗಳ ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟರು. 1956ರಲ್ಲಿ ಬ್ರೆಜಿಲ್ ಪೌರತ್ವ, 1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ. ಇಷ್ಟು ಬಿಟ್ಟರೆ ಇವರ ವೃತ್ತಿಬದುಕೆಲ್ಲ ಆ 47ನೇ ಕಿಲೊಮೀಟರಿನಲ್ಲೇ ಕಳೆಯಿತು.

ಇವರು ಕೈಹಾಕಿದ ಪ್ರಶ್ನೆ ಹಳೆಯದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಆದರೂ ಬೆಳೆಗೆ ಅದು ಕಣ್ಣಿಗೆ ಕಾಣುವ ಕೈಗೆಟುಕದ ಹಣ್ಣು. ಎರಡು ಪರಮಾಣುಗಳನ್ನು ಬಿಗಿದಿರುವ ಮೂರೆಳೆಯ ಬಂಧ ಬಿಡಿಸಲು ಕಾರ್ಖಾನೆಗಳಲ್ಲಿ 400 ಡಿಗ್ರಿಗೂ ಮೀರಿದ ಶಾಖ, ನೂರಾರು ಪಟ್ಟು ಒತ್ತಡ ಬೇಕು. ಯೂರಿಯಾ ಹುಟ್ಟುವುದು ಹೀಗೆ. ಕೆಲವು ಬ್ಯಾಕ್ಟೀರಿಯಾಗಳು ಅದೇ ಕೆಲಸವನ್ನು ನೈಟ್ರೊಜಿನೇಸ್ ಎಂಬ ಕಿಣ್ವದಿಂದ ಹೊಲದ ತಣ್ಣನೆ ಮಣ್ಣಿನಲ್ಲಿ ಮಾಡಿ ಮುಗಿಸುತ್ತವೆ. ಒಂದೇ ತೊಡಕು: ಆಮ್ಲಜನಕ ತಾಗಿದರೆ ಈ ಕಿಣ್ವ ಕೆಡುತ್ತದೆ. ಆದರೆ ಆ ಕೆಲಸಕ್ಕೆ ಬೇಕಾಗುವ ಅಪಾರ ಶಕ್ತಿಗಾಗಿ ಬ್ಯಾಕ್ಟೀರಿಯಾ ಉಸಿರಾಡಲೇಬೇಕು. ದ್ವಿದಳ ಸಸ್ಯಗಳು ಇದಕ್ಕೆ ಬೇರಿನಲ್ಲೇ ಕೋಣೆ ಕಟ್ಟಿಕೊಟ್ಟಿವೆ. ಅವರೆ, ಶೇಂಗಾ ಗಿಡವನ್ನು ಕಿತ್ತು ಬೇರುಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಕಾಣುವ ನಸುಗೆಂಪು, ಆಮ್ಲಜನಕವನ್ನು ಹಿಡಿದು ಅಳೆದು ಕೊಡುವ ವಸ್ತುವಿನದು. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ 1880ರ ದಶಕದಲ್ಲೇ ಬೇರುಗಂಟಿನ ಗುಟ್ಟು ಬಿಡಿಸಿದ್ದರು. ವಿಜ್ಞಾನಕ್ಕೆ ಗೊತ್ತಾಗುವ ಮೊದಲೇ ನಮ್ಮ ರೈತರು ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದರು.

ಹುಲ್ಲಿನ ಜಾತಿಗೆ ಬೇರುಗಂಟಿಲ್ಲ. ರಾಗಿ, ಭತ್ತ, ಗೋಧಿ, ಜೋಳ, ಕಬ್ಬು ಎಲ್ಲವೂ ಹುಲ್ಲಿನ ಕುಲದವೇ. ಜಗತ್ತು ಹೊಟ್ಟೆ ತುಂಬಿಸಿಕೊಳ್ಳುವುದು ಹೆಚ್ಚಾಗಿ ಇವುಗಳಿಂದ. ಇವು ಮಣ್ಣಿನಿಂದ ಸಾರಜನಕ ತೆಗೆಯುತ್ತವೆಯೇ ಹೊರತು ಕೂಡಿಸುವುದಿಲ್ಲ ಎಂಬುದು ಆಗಿನ ಪಠ್ಯಪುಸ್ತಕಗಳ ಮಾತು. ಬ್ರೆಜಿಲ್‌ನ ಕಬ್ಬು ಮಾತ್ರ ಇದಕ್ಕೆ ಹೊಂದುತ್ತಿರಲಿಲ್ಲ. ಎಷ್ಟೋ ತಲೆಮಾರುಗಳಿಂದ ಒಂದೇ ಹೊಲದಲ್ಲಿ ಅಲ್ಪಸ್ವಲ್ಪ ಗೊಬ್ಬರ ಕಂಡು, ಕೂಳೆಯ ಮೇಲೆ ಕೂಳೆ ಬಂದರೂ ಇಳುವರಿ ನೆಲಕಚ್ಚಿರಲಿಲ್ಲ. ಖರ್ಚು ಇಷ್ಟು, ಜಮೆ ಇಷ್ಟು ಎಂದು ಬರೆದರೆ ಲೆಕ್ಕ ತಾಳೆಯಾಗುವುದಿಲ್ಲ. ಯಾರೋ ಗುಟ್ಟಾಗಿ ಜಮೆ ಮಾಡುತ್ತಿದ್ದಾರೆ. ಡೊಬರೈನರ್ ಅವರು ಆ ಗುಟ್ಟಿನ ಜಮೆದಾರನನ್ನು ಹುಡುಕತೊಡಗಿದರು.

1958ರಲ್ಲಿ ಕಬ್ಬಿನ ಬೇರಿನ ಸುತ್ತಲ ಮಣ್ಣಿನಿಂದ ಬೈಜೆರಿಂಕಿಯ ಫ್ಲುಮಿನೆನ್ಸಿಸ್ ಎಂಬ ಹೊಸ ಪ್ರಭೇದವನ್ನು ರುಶೆಲ್ ಅವರೊಡನೆ ಪ್ರಕಟಿಸಿದರು. 1966ರಲ್ಲಿ ಸಿಕ್ಕದ್ದು ಇನ್ನೂ ಸ್ವಾರಸ್ಯದ್ದು. ಬ್ರೆಜಿಲ್‌ನ ಅಂಗಳ, ಹುಲ್ಲುಗಾವಲುಗಳಲ್ಲಿ ಬತತಾಯಿಸ್ ಎಂಬ ಸಾಮಾನ್ಯ ಹುಲ್ಲಿದೆ. ಸಸ್ಯಶಾಸ್ತ್ರದ ಹೆಸರು ಪಾಸ್ಪಲಮ್ ನೊಟೇಟಮ್. ಅದರ ಬೇರಿನ ಲೋಳೆಪದರದಲ್ಲಿ ಅಜೋಟೋಬ್ಯಾಕ್ಟರ್ ಪಾಸ್ಪಲಿ ಎಂಬ ಬ್ಯಾಕ್ಟೀರಿಯಾ ತಪ್ಪದೆ ಇರುತ್ತದೆ. ಅದೇ ಹುಲ್ಲಿನ ಬೇರೊಂದು ಬಗೆಯ ಬೇರಿನಲ್ಲಿ ಹುಡುಕಿದರೆ ಇಲ್ಲ! ಮಣ್ಣಿನಲ್ಲಿ ಅಲೆಯುವ ಯಾವುದೋ ಜೀವಿ ಆಕಸ್ಮಿಕವಾಗಿ ಬೇರಿಗಂಟಿಕೊಂಡದ್ದಲ್ಲ, ಗಿಡದ ತಳಿ ನೋಡಿ ಮನೆ ಹಿಡಿಯುವ ಜೀವಿ ಇದು ಎಂದಾಯಿತು. ಇವರ ಮುಂದಿನ ಕೆಲಸದ ಬೀಜ ಇಲ್ಲಿದೆ ಎಂದು ನನ್ನ ಎಣಿಕೆ: ಬ್ಯಾಕ್ಟೀರಿಯಾವನ್ನು ಮಾತ್ರವಲ್ಲ, ಅದಕ್ಕೆ ಒಗ್ಗುವ ಬೆಳೆಯ ತಳಿಯನ್ನೂ ಹುಡುಕಬೇಕು.

1972ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಡೇ ಮತ್ತು ಡಾರ್ಟ್ ಅವರೊಡನೆ ಇದೇ ಹುಲ್ಲಿನ ಬೇರನ್ನು ಆಗಷ್ಟೇ ಬಳಕೆಗೆ ಬಂದಿದ್ದ ಅಸಿಟಲೀನ್ ಪರೀಕ್ಷೆಗೆ ಒಡ್ಡಿದರು. ನೈಟ್ರೊಜಿನೇಸ್ ಕಿಣ್ವಕ್ಕೆ ಸಾರಜನಕದ ಬದಲು ಅಸಿಟಲೀನ್ ಅನಿಲ ಕೊಟ್ಟರೆ ಅದನ್ನು ಎಥಿಲೀನ್ ಮಾಡುತ್ತದೆ; ಎಥಿಲೀನನ್ನು ಅಳೆಯುವುದು ಸುಲಭ. ಬೇರಿನ ಸುತ್ತ ಆಮ್ಲಜನಕ ಮಾಮೂಲಿ ಗಾಳಿಯಲ್ಲಿರುವುದಕ್ಕಿಂತ ಬಹಳ ಕಡಿಮೆ ಇದ್ದಾಗ ಕಿಣ್ವದ ಚುರುಕು ಹೆಚ್ಚೆಂದು ಕಂಡಿತು. ಪೀಟರ್ ಡಾರ್ಟ್ ಆಮೇಲೆ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಗೆ ಬಂದು ಬಿಳಿಜೋಳ, ಸಜ್ಜೆಗಳಲ್ಲಿ ಇದೇ ಹುಡುಕಾಟ ಮುಂದುವರಿಸಿದರು.

ಆಮ್ಲಜನಕ ಬೇಕು, ಆದರೆ ಹೆಚ್ಚು ಬೇಡ. ಈ ಒಂದು ಮಾತಿನ ಮೇಲೆ ಡೊಬರೈನರ್ ಅವರ ಅತ್ಯುತ್ತಮ ಉಪಕರಣ ನಿಂತಿದೆ. ಅದು ಯಂತ್ರವಲ್ಲ, ಒಂದು ಬಗೆಯ ಗಂಜಿ. ಬ್ಯಾಕ್ಟೀರಿಯಾ ಬೆಳೆಸುವವರು ಪೋಷಕ ದ್ರವಕ್ಕೆ ಲೀಟರಿಗೆ ಸುಮಾರು 15 ಗ್ರಾಂ ಅಗರ್ ಹಾಕಿ ಗಟ್ಟಿ ಮಾಡುತ್ತಾರೆ, ಇಲ್ಲವೇ ಅಗರ್ ಹಾಕದೆ ತೆಳ್ಳಗೆ ಬಿಡುತ್ತಾರೆ. ಇವರು ಲೀಟರಿಗೆ ಎರಡು ಗ್ರಾಂ ಕೂಡ ತುಂಬದಷ್ಟು ಹಾಕಿದರು. ಸೀಸೆ ಓರೆ ಮಾಡಿದರೆ ಅರ್ಧ ಹೆಪ್ಪಾದ ಮೊಸರಿನಂತೆ ಮೆಲ್ಲನೆ ಜಾರುವ ಹದ. ಅದರಲ್ಲಿ ಸಾರಜನಕ ಚೂರೂ ಇಲ್ಲ. ಆಹಾರವಾಗಿ ಸಕ್ಕರೆಯ ಬದಲು ಮ್ಯಾಲಿಕ್ ಆಮ್ಲದ ಲವಣ, ಏಕೆಂದರೆ ಹುಲ್ಲಿನ ಬೇರು ಹೊರಸೂಸುವುದರಲ್ಲಿ ಇಂಥ ಆಮ್ಲಗಳಿರುತ್ತವೆ. ಜೊತೆಗೆ ಆಮ್ಲ–ಕ್ಷಾರ ತೋರಿಸುವ ಬ್ರೋಮೋಥೈಮಾಲ್ ಬಣ್ಣ. ತೊಳೆದ ಬೇರಿನ ಚೂರನ್ನು ಇದರಲ್ಲಿ ಅದ್ದಿಟ್ಟರೆ ಬ್ಯಾಕ್ಟೀರಿಯಾ ಮೇಲಿನಿಂದ ಇಳಿಯುವ ಆಮ್ಲಜನಕ ತನಗೆ ಬೇಕಾದಷ್ಟೇ ಇರುವ ಆಳಕ್ಕೆ ಈಜಿ ಹೋಗಿ ಅಲ್ಲಿ ನಿಲ್ಲುತ್ತದೆ. ಎರಡು ಮೂರು ದಿನದಲ್ಲಿ ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಕೆಳಗೆ ಬಿಳಿಯ ತೆಳು ಪರದೆಯೊಂದು ಅಡ್ಡಲಾಗಿ ಕಟ್ಟುತ್ತದೆ. ಸಂಖ್ಯೆ ಹೆಚ್ಚಿ ಆಮ್ಲಜನಕ ಸಾಲದಾದಂತೆ ಆ ಪರದೆ ಹಾಲಿನ ಕೆನೆಯ ಹಾಗೆ ಮೇಲಕ್ಕೆ ಸರಿಯುತ್ತದೆ. ಆಮ್ಲ ಖರ್ಚಾದಂತೆ ಹಸಿರು ಬಣ್ಣ ನೀಲಿಗೆ ತಿರುಗುತ್ತದೆ. ಬಡ ದೇಶದ ಯಾವ ಪ್ರಯೋಗಾಲಯವೂ ಇದನ್ನು ಮಾಡಿಕೊಳ್ಳಬಹುದಾಗಿತ್ತು. ಲಕ್ಷಾಂತರ ಬೆಲೆಯ ಉಪಕರಣವಿದ್ದೂ ಕಾಣದೆ ಹೋದ ಜೀವಿಗಳು ಈ ಗಂಜಿಯಲ್ಲಿ ಕಂಡವು.

ಮೊದಲು ಕಂಡದ್ದು ಹಳೆಯ ಪರಿಚಯವೇ. ಪ್ಯಾಂಗೋಲ ಎಂಬ ಮೇವಿನ ಹುಲ್ಲಿನ ಬೇರಿನಿಂದ 1970ರ ದಶಕದ ನಡುವೆ ಇವರಿಗೆ ಸಿಕ್ಕ ಸುರುಳಿ ಬ್ಯಾಕ್ಟೀರಿಯಾವನ್ನು ಹಾಲೆಂಡಿನ ಬೈಜೆರಿಂಕ್ 1925ರಲ್ಲೇ ಸ್ಪಿರಿಲಮ್ ಲಿಪೊಫೆರಮ್ ಎಂದು ವರ್ಣಿಸಿದ್ದರು. 1963ರಲ್ಲಿ ಬೆಕಿಂಗ್ ಇನ್ನೊಮ್ಮೆ ಗಮನಿಸಿದ್ದರು. ಅನಂತರ ಜಗತ್ತು ಮರೆತಿತ್ತು. ಅಮೆರಿಕದ ಟಾರೆಂಡ್ ಮತ್ತು ಕ್ರೀಗ್ ಅವರೊಡನೆ 1978ರಲ್ಲಿ ಡೊಬರೈನರ್ ಅದಕ್ಕೆ ಅಜೋಸ್ಪಿರಿಲಮ್ ಎಂಬ ಹೊಸ ಕುಲದ ಹೆಸರಿಟ್ಟು, ಲಿಪೊಫೆರಮ್, ಬ್ರಸಿಲೆನ್ಸ್ ಎಂದು ಎರಡು ಪ್ರಭೇದ ಮಾಡಿದರು. ಮೆಕ್ಕೆಜೋಳ, ಗೋಧಿ, ಭತ್ತ, ಬಿಳಿಜೋಳ, ಹುಡುಕಿದಲ್ಲೆಲ್ಲ ಅದು ಸಿಗತೊಡಗಿತು.

ಕಾಲವೂ ಹಾಗಿತ್ತು. 1973ರಲ್ಲಿ ತೈಲದ ಬೆಲೆ ಏರಿ ಅದರ ಬೆನ್ನಿಗೆ ಗೊಬ್ಬರದ ಬೆಲೆ ಏರಿತ್ತು. ವಾನ್ ಬ್ಯೂಲೊ ಮತ್ತು ಡೊಬರೈನರ್ 1975ರಲ್ಲಿ ಬ್ರೆಜಿಲ್‌ನ ಕೆಲವು ಮೆಕ್ಕೆಜೋಳದ ತಳಿಗಳ ಬೇರಿನಲ್ಲಿ ಭಾರೀ ನೈಟ್ರೊಜಿನೇಸ್ ಚಟುವಟಿಕೆ ಅಳೆದು ಪ್ರಕಟಿಸಿದಾಗ, ಗೊಬ್ಬರ ಬೇಡದ ಧಾನ್ಯ ಇನ್ನೇನು ಬಂತು ಎಂಬ ಗುಲ್ಲೆದ್ದಿತು. ಹತ್ತಾರು ದೇಶಗಳ ಪ್ರಯೋಗಾಲಯಗಳು ಇದಕ್ಕೆ ಇಳಿದವು. ಗುಲ್ಲು ಹೆಚ್ಚು ದಿನ ಬಾಳಲಿಲ್ಲ. ತಪ್ಪು ಅಳೆಯುವ ರೀತಿಯಲ್ಲಿತ್ತು: ಬೇರನ್ನು ಕತ್ತರಿಸಿ, ತೊಳೆದು, ಆಮ್ಲಜನಕ ಕಡಿಮೆ ಇರುವ ಸೀಸೆಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಅಳೆಯುತ್ತಿದ್ದರು. ಆ ಒಂದು ರಾತ್ರಿಯಲ್ಲಿ ಸಾಯುತ್ತಿರುವ ಬೇರಿನ ಮೇಲೆ ಬ್ಯಾಕ್ಟೀರಿಯಾ ಹಬ್ಬ ಮಾಡಿ ಹಲವು ಪಟ್ಟು ಹೆಚ್ಚುತ್ತಿತ್ತು. ನಿಂತ ಗಿಡವನ್ನು ಅಲುಗಿಸದೆ ಅಳೆದರೆ ಅಂಕಿ ಕುಸಿಯಿತು. ಭಾರವಾದ ಸಾರಜನಕ-15 ಸಮಸ್ಥಾನಿಯನ್ನು ಗುರುತಾಗಿ ಬಳಸಿ ಇವರ ಗುಂಪೇ 1983ರಲ್ಲಿ ಬತತಾಯಿಸ್ ಹುಲ್ಲನ್ನು ಪರೀಕ್ಷಿಸಿದಾಗ ಗಾಳಿಯಿಂದ ಬಂದದ್ದು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 20 ಕಿಲೊ ಎಂದು ಕಂಡಿತು. ಶೂನ್ಯವಲ್ಲ, ಆದರೆ ಯೂರಿಯಾ ಚೀಲವನ್ನು ಮೂಲೆಗೆ ತಳ್ಳುವಷ್ಟೂ ಅಲ್ಲ.

ಅಜೋಸ್ಪಿರಿಲಮ್ ಹಚ್ಚಿದ ಬೀಜದಿಂದ ಬೆಳೆ ಹುಲುಸಾಗಿ ಬಂದದ್ದಂತೂ ಸುಳ್ಳಲ್ಲ. ಕಾರಣ ಬೇರೆಯೇ ಇತ್ತು. ಈ ಬ್ಯಾಕ್ಟೀರಿಯಾ ಸಸ್ಯದ ಬೆಳವಣಿಗೆಯ ಹಾರ್ಮೋನುಗಳನ್ನು, ಮುಖ್ಯವಾಗಿ ಇಂಡೋಲ್ ಅಸಿಟಿಕ್ ಆಮ್ಲವನ್ನು ತಯಾರಿಸುತ್ತದೆ; ಬೇರು ಕವಲೊಡೆದು ಬೇರುಗೂದಲು ಹೆಚ್ಚಿ, ಮಣ್ಣಿನಲ್ಲಿರುವ ನೀರು, ಪೋಷಕಗಳನ್ನೇ ಗಿಡ ಇನ್ನೂ ಚೆನ್ನಾಗಿ ಹೀರುತ್ತದೆ. ಇಪ್ಪತ್ತು ವರ್ಷಗಳ ಹೊಲದ ಪ್ರಯೋಗಗಳನ್ನು 1994ರಲ್ಲಿ ಓಕಾನ್ ಮತ್ತು ಲಬಾಂಡೆರ ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ 60ರಿಂದ 70ರಷ್ಟು ಪ್ರಯೋಗಗಳಲ್ಲಿ ಶೇ 5ರಿಂದ 30ರಷ್ಟು ಇಳುವರಿ ಹೆಚ್ಚಿತ್ತು. ಕರ್ನಾಟಕದಲ್ಲಿ ರಾಗಿ, ಭತ್ತ, ಮೆಕ್ಕೆಜೋಳದ ಬೀಜಕ್ಕೆ ಬೆಲ್ಲದ ಅಂಟುನೀರು ಚಿಮುಕಿಸಿ, ಪೊಟ್ಟಣದ ಕಪ್ಪು ಪುಡಿ ಬೆರೆಸಿ, ನೆರಳಲ್ಲಿ ಆರಿಸಿ ಬಿತ್ತುವ ಪದ್ಧತಿ ಇದೇ ಅಜೋಸ್ಪಿರಿಲಮ್‌ನದು. ಸಾರಜನಕ ಕೊಡುತ್ತದೆ ಎಂದು ಹೇಳಿ ಅದನ್ನು ಮಾರುವುದು ಅರ್ಧ ಸತ್ಯ. ಅದು ಮುಖ್ಯವಾಗಿ ಬೇರು ಬೆಳೆಸುವ ಜೀವಿ. ಮಣ್ಣಿನಲ್ಲಿ ಏನೂ ಇಲ್ಲದ ಕಡೆ ಅದರಿಂದ ಪವಾಡ ನಿರೀಕ್ಷಿಸಬಾರದು.

ಹೀಗೆ ಇವರ ಅತಿ ದೊಡ್ಡ ಕನಸು ಅರ್ಧದಾರಿಯಲ್ಲಿ ತಿರುಗಿಕೊಂಡಿತು. ಅತಿ ದೊಡ್ಡ ಫಲ ಬಂದದ್ದು ಹೊಸ ಜೀವಿಯಿಂದಲ್ಲ, ಎಲ್ಲರಿಗೂ ಗೊತ್ತಿದ್ದ ಬೇರುಗಂಟಿನ ಬ್ಯಾಕ್ಟೀರಿಯಾದಿಂದ. 1960ರ ದಶಕದಲ್ಲಿ ಬ್ರೆಜಿಲ್ ಸೋಯಾ ಬೆಳೆಯಲು ಹೊರಟಾಗ ಮಾದರಿಯಾಗಿ ಎದುರಿಗಿದ್ದದ್ದು ಅಮೆರಿಕ; ಅಲ್ಲಿ ತಳಿ ಆರಿಸುವ ಹೊಲಗಳಲ್ಲಿ ಮಣ್ಣಿನ ಸಾರಜನಕಕ್ಕೆ ಕೊರತೆಯಿರಲಿಲ್ಲ. ಡೊಬರೈನರ್ ಮತ್ತು ದಕ್ಷಿಣದ ರಿಯೊ ಗ್ರಾಂಡೆ ಡು ಸುಲ್ ರಾಜ್ಯದ ಜೊವಾವ್ ರುಯಿ ಜಾರ್ಡಿಮ್ ಫ್ರೈರೆ ಪಟ್ಟು ಹಿಡಿದದ್ದು ಇದರ ವಿರುದ್ಧ. ತಳಿ ಆರಿಸುವ ಹೊಲಕ್ಕೇ ಸಾರಜನಕ ಹಾಕಬೇಡಿ, ಬೀಜಕ್ಕೆ ಬ್ಯಾಕ್ಟೀರಿಯಾ ಹಚ್ಚಿ ಬಿತ್ತಿ, ಅದರೊಡನೆ ಚೆನ್ನಾಗಿ ಬಾಳುವ ಗಿಡವನ್ನೇ ಮುಂದಕ್ಕೆ ತೆಗೆದುಕೊಳ್ಳಿ ಎಂಬುದು ವಾದ. ಉಂಡ ಮನೆಯ ಮಕ್ಕಳಲ್ಲಿ ದುಡಿಯುವವರನ್ನು ಆರಿಸುವುದು ಕಷ್ಟ. ಸಾರಜನಕ ಹೊಟ್ಟೆತುಂಬ ಸಿಕ್ಕರೆ ಸೋಯಾ ಗಿಡವೂ ಬೇರುಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಒಂದು ಟನ್ ಸೋಯಾ ಕಾಳಿಗೆ ಸುಮಾರು 80 ಕಿಲೊ ಸಾರಜನಕ ಬೇಕು. ಬ್ರೆಜಿಲ್ ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಸೋಯಾ ಬೆಳೆಯುವ ದೇಶ, ಮತ್ತು ಆ ಬೆಳೆಗೆ ಯೂರಿಯಾ ಹಾಕುವ ರೂಢಿಯೇ ಅಲ್ಲಿಲ್ಲ. ಉಳಿತಾಯವನ್ನು ವರ್ಷಕ್ಕೆ ಶತಕೋಟಿ ಡಾಲರುಗಳಲ್ಲಿ ಎಣಿಸುತ್ತಾರೆ. ಅಮೆಜಾನ್ ಮತ್ತು ಸೆರಾಡೊ ಕಾಡು–ಬಯಲುಗಳನ್ನು ಸೋಯಾ ನುಂಗಿದ್ದೂ ಇದೇ ಅಗ್ಗದ ಬೇಸಾಯದ ಇನ್ನೊಂದು ಮುಖ. ಇವರನ್ನು ಹೊಗಳುವ ಬರಹಗಳು ಆ ಮಾತನ್ನು ಎತ್ತುವುದು ಕಡಿಮೆ.

ಕಬ್ಬನ್ನು ಇವರು ಬಿಟ್ಟಿರಲಿಲ್ಲ. 1975ರಲ್ಲಿ ಬ್ರೆಜಿಲ್ ಕಾರುಗಳಿಗೆ ಕಬ್ಬಿನ ಮದ್ಯಸಾರ ತುಂಬಿಸುವ ಪ್ರೊಆಲ್ಕೂಲ್ ಯೋಜನೆ ಆರಂಭಿಸಿತು. ಕಬ್ಬಿಗೆ ಹಾಕುವ ಸಾರಜನಕ ಗೊಬ್ಬರವನ್ನು ತಯಾರಿಸಲು ತೈಲ, ಅನಿಲಗಳನ್ನೇ ಸುಡಬೇಕಾದರೆ ತೈಲ ಉಳಿಸುವ ಯೋಜನೆಗೆ ಅರ್ಥವೇನು? 1986ರಲ್ಲಿ ಇವರ ಗುಂಪು ಧಾನ್ಯಗಳ ಬೇರಿನಿಂದ ಹರ್ಬಾಸ್ಪಿರಿಲಮ್ ಸೆರೊಪೆಡಿಸೆ ಎಂಬ ಹೊಸ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಊರಿನ ಹೆಸರನ್ನೇ ಇಟ್ಟಿತು. ಮುಂದೆ ಅದು ಕಬ್ಬಿನಲ್ಲೂ ಕಂಡಿತು. 1988ರಲ್ಲಿ ಶಿಷ್ಯ ಕವಾಲ್ಕಾಂಟಿ ಜೊತೆ ಪ್ರಕಟಿಸಿದ ಪ್ರಬಂಧ ಇನ್ನೂ ವಿಚಿತ್ರವಾದ ಜೀವಿಯದು. ಕಬ್ಬಿನ ಜಲ್ಲೆಯ ಒಳಗಿನಿಂದ ಬಂದ ಅದಕ್ಕೆ ಈಗಿನ ಹೆಸರು ಗ್ಲುಕೊನಾಸಿಟೊಬ್ಯಾಕ್ಟರ್ ಡೈಅಜೋಟ್ರೊಫಿಕಸ್. ಅದೇ ಅರೆಗಟ್ಟಿ ಗಂಜಿಗೆ ಈ ಸಲ ನೂರಕ್ಕೆ ಹತ್ತರಷ್ಟು ಸಕ್ಕರೆ, ಒಂದಿಷ್ಟು ಕಬ್ಬಿನ ಹಾಲು ಸೇರಿಸಿ ಹುಳಿಯಾಗಿಟ್ಟರು. ಕಟ್ಟಿದ ಪರದೆ ಕಿತ್ತಳೆ ಬಣ್ಣದ್ದು. ಬೇರೆ ಬ್ಯಾಕ್ಟೀರಿಯಾ ತಾಳಲಾರದಷ್ಟು ಸಿಹಿ, ಹುಳಿ ಎರಡೂ ಇದಕ್ಕೆ ಪ್ರಿಯ. ಮಣ್ಣಿನಲ್ಲಿ ಬಿಟ್ಟರೆ ಹೆಚ್ಚು ಕಾಲ ಬದುಕದು. ಬಿತ್ತನೆ ತುಂಡಿನ ಜೊತೆಗೇ ಒಂದು ಬೆಳೆಯಿಂದ ಮುಂದಿನ ಬೆಳೆಗೆ ಸಾಗುತ್ತದೆ. ನೈಟ್ರೇಟ್ ಇದ್ದರೂ ಸಾರಜನಕ ಹಿಡಿಯುವುದನ್ನು ನಿಲ್ಲಿಸದು. ಬೇರಿನ ಸುತ್ತ ಇಷ್ಟು ವರ್ಷ ಹುಡುಕಿದ್ದ ಜಮೆದಾರ ಗಿಡದೊಳಗೇ ಮನೆಮಾಡಿಕೊಂಡಿದ್ದ. ಇಂಥವನ್ನು ಅಂತರ್ವಾಸಿ ಎಂದು ಪ್ರತ್ಯೇಕ ಗುಂಪು ಮಾಡಿ ನೋಡುವ ಕ್ರಮ ಇವರಿಂದ ಬಂತು.

ಲೆಕ್ಕದ ಪರೀಕ್ಷೆ 1992ರಲ್ಲಿ ಪ್ರಕಟವಾಯಿತು. ಇವರ ಗುಂಪಿನ ಉರ್ಕಿಯಾಗ, ಬಾಡಿ ಮೊದಲಾದವರು ಕಾಂಕ್ರೀಟ್ ತೊಟ್ಟಿಯಲ್ಲಿ ಬಗೆಬಗೆಯ ಕಬ್ಬು ನೆಟ್ಟು, ಸಾರಜನಕ-15 ಬಳಸಿ, ಒಳಬಂದದ್ದು ಹೊರಹೋದದ್ದು ಎರಡನ್ನೂ ಅಳೆದರು. ನೀರು, ರಂಜಕ, ಪೊಟ್ಯಾಶ್ ಚೆನ್ನಾಗಿ ಸಿಕ್ಕಾಗ ಕೆಲವು ತಳಿಗಳು ತಮ್ಮ ಸಾರಜನಕದಲ್ಲಿ ನೂರಕ್ಕೆ 60ರಿಂದ 80 ಪಾಲನ್ನು ಗಾಳಿಯಿಂದ ಪಡೆದಿದ್ದವು. ಇನ್ನು ಕೆಲವು ತಳಿಗಳಲ್ಲಿ ಅಷ್ಟಿಲ್ಲ. ಹೊಲದಲ್ಲಿ ಈ ಪಾಲು ಜಾಗದಿಂದ ಜಾಗಕ್ಕೆ ಬಹಳ ಏರಿಳಿಯುತ್ತದೆ, ಮತ್ತು ಯಾವ ಬ್ಯಾಕ್ಟೀರಿಯಾದ ಕೊಡುಗೆ ಎಷ್ಟೆಂಬ ವಾದ ಮುಗಿದಿಲ್ಲ. ಕರ್ನಾಟಕದಲ್ಲಿ ಕಬ್ಬಿಗೆ ಹೆಕ್ಟೇರಿಗೆ 250 ಕಿಲೊ ಸಾರಜನಕದ ಶಿಫಾರಸಿದೆ; ಬ್ರೆಜಿಲ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಹಾಕುವುದು ವಾಡಿಕೆ. ಹಾಕಿದ ಗೊಬ್ಬರವೆಲ್ಲ ಬೆಳೆಗೆ ಸೇರುವುದಿಲ್ಲ. ಉಳಿದದ್ದು ನೈಟ್ರೇಟಾಗಿ ಬಾವಿ ನೀರಿಗೆ ಇಳಿಯುತ್ತದೆ, ನೈಟ್ರಸ್ ಆಕ್ಸೈಡಾಗಿ ಗಾಳಿಗೆ ಏರುತ್ತದೆ. ಮಂಡ್ಯ, ಬೆಳಗಾವಿಯ ಕಬ್ಬಿನ ತಳಿಗಳನ್ನು ಆರಿಸುವಾಗ ಗೊಬ್ಬರವಿಲ್ಲದ ಒಂದು ಸಾಲನ್ನೂ ನೆಟ್ಟು ನೋಡುವುದು ಡೊಬರೈನರ್ ದಾರಿಯಾದೀತು.

ಗೌರವಗಳು ಕಾಲಕ್ಕೆ ಬಂದವು: 1978ರಲ್ಲಿ ವ್ಯಾಟಿಕನ್‌ನ ಪಾಂಟಿಫಿಕಲ್ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1979ರಲ್ಲಿ ಬರ್ನಾರ್ಡೊ ಹುಸೆ ಪ್ರಶಸ್ತಿ, 1989ರಲ್ಲಿ ಯುನೆಸ್ಕೊ ವಿಜ್ಞಾನ ಪ್ರಶಸ್ತಿ, 1992ರಲ್ಲಿ ಮೆಕ್ಸಿಕೊ ಸರ್ಕಾರದ ವಿಜ್ಞಾನ ಪ್ರಶಸ್ತಿ. ಪ್ರಯೋಗಾಲಯ 1973ರಲ್ಲಿ ಸ್ಥಾಪನೆಯಾದ ಎಂಬ್ರಾಪ ಎಂಬ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಭಾಗವಾಗಿ ಬೆಳೆಯಿತು. ಸೆರೊಪೆಡಿಕಾದಲ್ಲಿ ಪಳಗಿದವರಲ್ಲಿ ಮರಿಯಾಂಜೆಲ ಹುಂಗ್ರಿಯ ಒಬ್ಬರು. ಮೆಕ್ಕೆಜೋಳ, ಗೋಧಿಗೆ ಹೊಂದುವ ಅಜೋಸ್ಪಿರಿಲಮ್ ಬಗೆಗಳನ್ನು 2010ರ ಸುಮಾರಿಗೆ ಬ್ರೆಜಿಲ್‌ನ ರೈತರಿಗೆ ತಲುಪಿಸಿದ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂದಿದೆ.

ಡೊಬರೈನರ್ 2000ದ ಅಕ್ಟೋಬರ್ 5ರಂದು ಸೆರೊಪೆಡಿಕಾದಲ್ಲಿ ತೀರಿಕೊಂಡರು. ಮರುವರ್ಷ ಮೆಕ್ಸಿಕೊದ ಕಾಫಿ ಗಿಡಗಳಿಂದ ಸಿಕ್ಕ ಹೊಸ ಬ್ಯಾಕ್ಟೀರಿಯಾವೊಂದಕ್ಕೆ ಗ್ಲುಕೊನಾಸಿಟೊಬ್ಯಾಕ್ಟರ್ ಯೋಹಾನೆ ಎಂದು ಹೆಸರಾಯಿತು. ಅದೇ ವರ್ಷ ಅಜೋಸ್ಪಿರಿಲಮ್ ಕುಲಕ್ಕೆ ಡೊಬರೈನರೆ ಎಂಬ ಇನ್ನೊಂದು ಪ್ರಭೇದ ಸೇರಿತು. ಅದು ಸಿಕ್ಕಿದ್ದು ಜರ್ಮನಿಯಲ್ಲಿ, ಮಿಸ್ಕ್ಯಾಂಥಸ್ ಎಂಬ ಎತ್ತರದ ಹುಲ್ಲಿನ ಬೇರಿನಲ್ಲಿ, ಸಾರಜನಕವಿಲ್ಲದ ಅದೇ ಅರೆಗಟ್ಟಿ ಗಂಜಿಯಲ್ಲಿ.